ಮೊದಲ ಎಲೆ ಯಾರಿಗೆ?

ಮಾಗಡಿಯ ಕಡೆಯ ವಾಚಕರೊಬ್ಬರು ಹೋದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರದು ಬೇಸಾಯದ ಮನೆ. ಹಿಪ್ಪುನೇರಳೆಯ ತೋಟವೂ ರೇಷ್ಮೆಯ ಹುಳುಮನೆಯೂ ಉಂಟು. ಅವರ ಸೊಸೆಗೆ ಎರಡು ವರ್ಷಗಳ ಕೆಳಗೆ ಏಳನೆಯ ತಿಂಗಳಿನಲ್ಲಿಯೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. ಈಗ ಆಕೆ ಪುನಃ ಗರ್ಭವತಿ. ನಾಲ್ಕನೆಯ ತಿಂಗಳು ನಡೆಯುತ್ತಿದೆ. "ಏನನ್ನು ಉಣ್ಣಿಸಿದರೆ ಈ ಸಲ ಮಗು ದಿನ ತುಂಬಿ ಹುಟ್ಟೀತು? ಏನನ್ನು ಬಿಡಿಸಬೇಕು? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಮಗೆ ದಿಕ್ಕು ತೋರದಾಗಿದೆ" ಎಂದು ಅವರು ಕೇಳಿರುವರು. ಅವರೊಬ್ಬರಿಗೇ ಉತ್ತರವನ್ನು ಬರೆದು ಸುಮ್ಮನಾಗಬಹುದಾಗಿತ್ತು. ಆದರೆ ಈ ಪ್ರಶ್ನೆಯು ಅನೇಕ ಮನೆಗಳದು. ಒಂದಾನೊಂದು ಕಾಲದಲ್ಲಿ ನಮ್ಮ ಮನೆಯದೂ ಆಗಿದ್ದಿತು. ಆದುದರಿಂದ ಈ ತಿಂಗಳಿನ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತೇವೆ.

ನಾವು ವೈದ್ಯರಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ವಿಶ್ರಾಂತರಾದ ಉಪಾಧ್ಯಾಯರು. ಗರ್ಭಿಣಿಯನ್ನು ಪರೀಕ್ಷಿಸಿ ಔಷಧವನ್ನು ಹೇಳುವುದು ಡಾಕ್ಟರ ಕೆಲಸ. ಪೂರ್ವಿಕರು ಬರೆದುದನ್ನೂ ಈಗಿನವರು ಪರೀಕ್ಷಿಸಿ ಕಂಡುಕೊಂಡುದನ್ನೂ ಓದಿ, ಗೃಹಸ್ಥನಿಗೆ ಅದರಿಂದ ಉಪಯೋಗವೇನೆಂಬುದನ್ನು ಹೇಳುವುದಷ್ಟೆ ನಮ್ಮ ಕೆಲಸ.

ಮೊದಲು ಅಕಾಲಪ್ರಸವವೆಂದರೇನೆಂಬುದನ್ನು ತಿಳಿಯೋಣ. ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಪೂರ್ಣ ಗರ್ಭಕ್ಕೆ ೨೮೦ ದಿನಗಳು, ಎಂದರೆ ೪೦ ವಾರಗಳು. ೩೭ ವಾರಗಳು ತುಂಬುವುದಕ್ಕೆ ಮುಂಚೆ ಆಗುವ ಹೆರಿಗೆಯು ಅಕಾಲಪ್ರಸವ. ೨೦೨೦ನೆಯ ಇಸವಿಯಲ್ಲಿ ಪ್ರಪಂಚದಲ್ಲಿ ೧ ಕೋಟಿ ೩೪ ಲಕ್ಷ ಶಿಶುಗಳು ಹೀಗೆ ದಿನ ತುಂಬದೆ ಹುಟ್ಟಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಅಂದಾಜು ಮಾಡಿರುವರು. ಅವುಗಳಲ್ಲಿ ಸುಮಾರು ೩೦ ಲಕ್ಷ ನಮ್ಮ ದೇಶದವು. ಐದು ವರ್ಷದೊಳಗಿನ ಮಕ್ಕಳ ಮರಣಕ್ಕೆ ಇದಕ್ಕಿಂತ ದೊಡ್ಡ ಕಾರಣವು ಇಂದು ಮತ್ತೊಂದಿಲ್ಲ. ನಮ್ಮಲ್ಲಿ "ಏಳು ತಿಂಗಳಿನ ಕೂಸು ಉಳಿದೀತು, ಎಂಟು ತಿಂಗಳಿನದು ಉಳಿಯದು" ಎಂಬ ಮಾತೊಂದು ಬಳಕೆಯಲ್ಲಿದೆ. ಇದು ಸರ್ವಥಾ ತಪ್ಪು. ಗರ್ಭದಲ್ಲಿ ಹೆಚ್ಚಾಗಿ ಕಳೆದ ಒಂದೊಂದು ವಾರವೂ ಕೂಸಿನ ಶ್ವಾಸಕೋಶಕ್ಕೂ ಮೆದುಳಿಗೂ ಬಲವನ್ನೇ ಕೊಡುತ್ತದೆ.

ಇನ್ನು ಆಹಾರದ ವಿಚಾರ. ಗರ್ಭಿಣಿಯ ಊಟಕ್ಕೂ ಅಕಾಲಪ್ರಸವಕ್ಕೂ ಸಂಬಂಧವುಂಟೆಂಬುದು ಹೊಸ ಮಾತಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಕ್ಕೆ ಕೇಡನ್ನು ಮಾಡುವ ಸಂಗತಿಗಳನ್ನು ಎಣಿಸಿ ಹೇಳಿದೆ. ಮಿತಿಮೀರಿದ ದೇಹಶ್ರಮ, ಅತಿಯಾದ ಖಾರ ಉಷ್ಣ ಪದಾರ್ಥಗಳು, ಮಲಮೂತ್ರಗಳ ವೇಗವನ್ನು ತಡೆಯುವುದು ಮುಂತಾದುವುಗಳ ಜೊತೆಗೆ ಅಲ್ಲಿ 'ಪ್ರಮಿತಾಶನ'ವೆಂಬುದನ್ನೂ ಸೇರಿಸಿರುವರು. ಪ್ರಮಿತಾಶನವೆಂದರೆ ಅಳೆದು ಸುರಿದಂತೆ ಅಲ್ಪವಾಗಿ ಉಣ್ಣುವುದು. ಇಂತಹ ಗರ್ಭಿಣಿಯ ಗರ್ಭವು ಒಳಗೇ ಸಾಯಬಹುದು, ಅಕಾಲದಲ್ಲಿ ಜಾರಬಹುದು, ಇಲ್ಲವೆ ಸೊರಗಬಹುದು ಎಂದು ಆ ಗ್ರಂಥವು ಎಚ್ಚರಿಸುತ್ತದೆ. ಅದೇ ಅಧ್ಯಾಯದಲ್ಲಿ, ಗರ್ಭಿಣಿಯನ್ನು ಎಣ್ಣೆ ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವ ಹಾಗೆ ಕಾಪಾಡಬೇಕೆಂಬ ಉಪಮಾನವೂ ಇದೆ.

ಮತ್ತೊಂದು ಮಾತುಂಟು, ಅದು ವೈದ್ಯಗ್ರಂಥದ್ದಲ್ಲ, ಧರ್ಮಶಾಸ್ತ್ರದ್ದು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನು ಅತಿಥಿಗಳಿಗೆ ಉಣಿಸಿ ತಾನು ಕಡೆಗೆ ಉಣ್ಣಬೇಕೆಂದು ವಿಧಿಸಿದೆ. ಆದರೆ ಅಲ್ಲಿಯೇ ಒಂದು ಅಪವಾದವನ್ನು ಹೇಳಿದೆ: ಹೊಸದಾಗಿ ಮದುವೆಯಾದ ಹೆಂಗಸರು, ಎಳೆಯ ಹುಡುಗಿಯರು, ರೋಗಿಗಳು, ಗರ್ಭಿಣಿಯರು, ಇವರಿಗೆ ಅತಿಥಿಗಳಿಗಿಂತಲೂ ಮುಂಚೆ, ಹಿಂದುಮುಂದು ನೋಡದೆ ಊಟವನ್ನು ಬಡಿಸಬೇಕು. ಮನೆಗೆ ಬಂದ ಅತಿಥಿಯು ದೇವರಿಗೆ ಸಮಾನನೆಂದು ನಂಬಿದ ಕಾಲದಲ್ಲಿ ಆ ಅತಿಥಿಗಿಂತಲೂ ಗರ್ಭಿಣಿಗೆ ಮೊದಲ ಎಲೆಯನ್ನು ಹಾಕಬೇಕೆಂದರೆ, ಈ ಮಾತಿನ ತೂಕವೆಷ್ಟೆಂಬುದನ್ನು ವಾಚಕರು ಊಹಿಸಬಹುದು.

ಶಾಸ್ತ್ರವು ಹೀಗಿರುವಲ್ಲಿ ನಮ್ಮ ಮನೆಗಳ ನಡೆವಳಿಕೆ ಹೇಗಿದೆ? ಗಂಡಸರು ಮೊದಲು, ಮಕ್ಕಳು ಅನಂತರ, ಅತ್ತೆ ಆಮೇಲೆ. ಎಲ್ಲರೂ ಎದ್ದ ಮೇಲೆ ಸೊಸೆ. ಆ ಹೊತ್ತಿಗೆ ಸಾರಿನಲ್ಲಿ ಕಾಳುಗಳಿರುವುದಿಲ್ಲ, ಪಲ್ಯವು ತಳ ಹಿಡಿದಿರುತ್ತದೆ, ಮೊಸರು ಮಜ್ಜಿಗೆಯಾಗಿರುತ್ತದೆ. ಇದಕ್ಕೆ ಮತ್ತೊಂದು ಭಯವೂ ಸೇರಿದೆ. "ಹೆಚ್ಚಾಗಿ ಉಂಡರೆ ಕೂಸು ದಪ್ಪನಾಗುತ್ತದೆ, ಹೆರಿಗೆ ಕಷ್ಟವಾಗುತ್ತದೆ" ಎಂದು ಹೇಳಿ ಏಳನೆಯ ತಿಂಗಳಿನಿಂದ ಊಟವನ್ನು ಕಡಮೆ ಮಾಡಿಸುವ ಮನೆಗಳು ಇಂದಿಗೂ ಉಂಟು. ಹೀಗೆ ಮಾಡುವವರು ಕ್ರೂರಿಗಳಲ್ಲ. ಹಿಂದೆ ಹೆರಿಗೆಯಲ್ಲಿ ಸತ್ತವರನ್ನು ಕಂಡು ಹೆದರಿದವರು. ಆದರೆ ಭಯದಿಂದ ಹುಟ್ಟಿದ ಉಪಾಯವೂ ಕೇಡನ್ನು ಮಾಡಬಲ್ಲದು.

ಇಲ್ಲಿ ನಮ್ಮ ಮನೆಯ ಮಾತನ್ನು ಹೇಳದೆ ಇರಲಾರೆವು. ಸುಮಾರು ಮೂವತ್ತೈದು ವರ್ಷಗಳ ಕೆಳಗೆ, ನಾವು ಚನ್ನಪಟ್ಟಣದಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಸಂಸಾರ ಹೂಡಿದ್ದೆವು. ನಮ್ಮ ಸಹಧರ್ಮಿಣಿಯು ಚೊಚ್ಚಲ ಬಸುರಿ. ನಮ್ಮ ತಾಯಿಯವರು ನಮ್ಮೊಂದಿಗೆ ಇದ್ದರು. ನಾವು ಬೆಳಗ್ಗೆ ಊಟ ಮಾಡಿ ಶಾಲೆಗೆ ಹೋಗುತ್ತಿದ್ದೆವು. ಸಂಜೆ ಮನೆಪಾಠದ ಹುಡುಗರು ಬಂದು ಹೋಗುವ ಹೊತ್ತಿಗೆ ರಾತ್ರಿಯ ಒಂಬತ್ತಾಗುತ್ತಿತ್ತು. ನಾವು ಉಂಡ ಮೇಲೆ ಆಕೆ ಉಣ್ಣುತ್ತಿದ್ದಳು. ಏನನ್ನು ಉಂಡಳು, ಎಷ್ಟು ಉಂಡಳು, ಉಂಡಳೋ ಇಲ್ಲವೋ ಎಂಬುದನ್ನು ನಾವು ಒಂದು ದಿನವೂ ಕೇಳಲಿಲ್ಲ. ಶುಕ್ರವಾರದ ಒಪ್ಪೊತ್ತು, ಏಕಾದಶಿಯ ಉಪವಾಸ, ಇವುಗಳನ್ನೂ ಆಕೆ ಬಿಟ್ಟಿರಲಿಲ್ಲ. ಎಂಟನೆಯ ತಿಂಗಳಿನಲ್ಲಿ ಹೆಣ್ಣುಕೂಸು ಹುಟ್ಟಿತು. ನಮ್ಮ ಅಂಗೈಯಿಂದ ಮೊಣಕೈಯವರೆಗಿನಷ್ಟೇ ಉದ್ದ. ಒಂಬತ್ತು ದಿನ ಬದುಕಿತು.

ಊಟದ ಕೊರತೆಯಿಂದಲೇ ಹೀಗಾಯಿತೆಂದು ಯಾವ ಡಾಕ್ಟರೂ ನಮಗೆ ಹೇಳಲಿಲ್ಲ. ಹೇಳುವುದಕ್ಕೆ ಸಾಧ್ಯವೂ ಇರಲಿಲ್ಲ. ಅನೇಕ ಅಕಾಲಪ್ರಸವಗಳಿಗೆ ಕಾರಣವೇ ಗೊತ್ತಾಗುವುದಿಲ್ಲ. ಕೆಲವು ವರ್ಷಗಳ ಬಳಿಕ, ದೇವರ ದಯದಿಂದ ಎರಡು ಮಕ್ಕಳು ಆರೋಗ್ಯವಾಗಿ ಹುಟ್ಟಿದ ಮೇಲೆ, ಮನೆಪಾಠಕ್ಕೆ ಬಂದ ಹುಡುಗನೊಬ್ಬನಿಗೆ ಮೇಲೆ ಹೇಳಿದ ಮನುಸ್ಮೃತಿಯ ಶ್ಲೋಕದ ಅರ್ಥವನ್ನು ಹೇಳುತ್ತಿದ್ದೆವು. ಅಡುಗೆಮನೆಯಿಂದ ಕೇಳಿಸಿಕೊಂಡ ನಮ್ಮ ಸಹಧರ್ಮಿಣಿಯು ಹುಡುಗನು ಹೋದ ಮೇಲೆ ಬಂದು, "ಈ ಶ್ಲೋಕ ನಿಮಗೆ ಆಗಲೂ ಗೊತ್ತಿತ್ತೆ?" ಎಂದು ಕೇಳಿದಳು. ಗೊತ್ತಿತ್ತು. ಕಂಠಪಾಠವಾಗಿತ್ತು. ಆಕೆ ಮತ್ತೇನನ್ನೂ ಕೇಳಲಿಲ್ಲ. ನಮ್ಮಿಂದ ಉತ್ತರವೂ ಹೊರಡಲಿಲ್ಲ.

ಅದಂತಿರಲಿ. ಈಗಿನ ವಿಜ್ಞಾನಿಗಳು ಈ ವಿಷಯದಲ್ಲಿ ಏನನ್ನು ಕಂಡಿರುವರೆಂಬುದನ್ನು ನೋಡೋಣ. ಆಫ್ರಿಕಾ ಖಂಡದ ಗ್ಯಾಂಬಿಯಾ ದೇಶದಲ್ಲಿ ೨೮ ಹಳ್ಳಿಗಳ ಗರ್ಭಿಣಿಯರನ್ನು ಕುರಿತು ಐದು ವರ್ಷಗಳ ಕಾಲ ಒಂದು ಪರೀಕ್ಷೆ ನಡೆಯಿತು. ಅದರ ಫಲವು ೧೯೯೭ರಲ್ಲಿ ಪ್ರಕಟವಾಯಿತು. ಗರ್ಭದ ನಡುಗಾಲದಿಂದ ದಿನವೂ ಹುರಿದ ಕಡಲೆಕಾಯಿ, ಅಕ್ಕಿಹಿಟ್ಟು, ಸಕ್ಕರೆ, ಕಡಲೆಕಾಯಿ ಎಣ್ಣೆ ಇವುಗಳಿಂದ ಮಾಡಿದ ಬಿಸ್ಕತ್ತನ್ನು ಅವರಿಗೆ ಕೊಟ್ಟರು. ಕೂಸುಗಳ ಹುಟ್ಟುತೂಕವು ಸರಾಸರಿ ೧೩೬ ಗ್ರಾಂ ಹೆಚ್ಚಾಯಿತು. ಕಣಜಗಳು ಬರಿದಾಗುವ ಹಸಿವಿನ ತಿಂಗಳುಗಳಲ್ಲಂತೂ ೨೦೧ ಗ್ರಾಂ ಹೆಚ್ಚಾಯಿತು. ಸತ್ತು ಹುಟ್ಟುವ ಕೂಸುಗಳೂ, ಹುಟ್ಟಿದ ವಾರದೊಳಗೆ ಸಾಯುವ ಕೂಸುಗಳೂ ಕಡಮೆಯಾದುವು. ಆದರೆ ಗರ್ಭದ ದಿನಗಳ ಲೆಕ್ಕದಲ್ಲಿ ವ್ಯತ್ಯಾಸವು ಕಾಣಲಿಲ್ಲ. ಇದನ್ನು ಮರೆಮಾಚದೆ ಹೇಳಬೇಕು: ಹೊಟ್ಟೆ ತುಂಬ ಊಟವು ಕೂಸಿಗೆ ತೂಕವನ್ನೂ ಬಲವನ್ನೂ ಕೊಡುವುದು ನಿಶ್ಚಯ, ಅದೊಂದೇ ದಿನಗಳನ್ನು ತುಂಬಿಸುವುದೆಂದು ಹೇಳುವಂತಿಲ್ಲ. ಆದರೂ ಒಂದು ವೇಳೆ ಮುಂಚೆಯೇ ಹುಟ್ಟಿದರೆ, ತೂಕವುಳ್ಳ ಕೂಸು ಬದುಕುವ ಸಂಭವವು ತೂಕವಿಲ್ಲದ ಕೂಸಿಗಿಂತ ಹೆಚ್ಚು.

ದಿನಗಳ ಲೆಕ್ಕಕ್ಕೆ ಸಂಬಂಧಪಟ್ಟ ಸಂಗತಿಗಳು ಬೇರೆಯುಂಟು. ಅಮೆರಿಕದ ಉತ್ತರ ಕರೊಲಿನಾ ಪ್ರಾಂತದಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಗರ್ಭಿಣಿಯರು ದಿನಕ್ಕೆ ಎಷ್ಟು ಸಲ ಉಣ್ಣುವರೆಂಬುದನ್ನು ವಿಚಾರಿಸಿ ೨೦೦೧ರಲ್ಲಿ ಪ್ರಕಟಿಸಿದರು. ಮೂರು ಊಟ, ಎರಡು ಉಪಾಹಾರ ಇವಕ್ಕಿಂತ ಕಡಮೆ ಸಲ ತಿಂದವರಲ್ಲಿ ಅಕಾಲಪ್ರಸವವು ಕೊಂಚ ಹೆಚ್ಚಾಗಿ ಕಂಡಿತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಿದ್ಧಪಡಿಸುವುದಿಲ್ಲ. ಆದರೂ ಹೊತ್ತು ಮೀರಿ ಕಡೆಗೆ ಉಣ್ಣುವ ಸೊಸೆಯ ನೆನಪಾಗದೆ ಇರದು. ಇನ್ನು ಮೀನಿನ ಕೊಬ್ಬಿನಲ್ಲಿರುವ ಒಮೆಗಾ-೩ ಎಂಬ ಸತ್ತ್ವದ ವಿಷಯ. ೭೦ ಪರೀಕ್ಷೆಗಳನ್ನೂ ಸುಮಾರು ೨೦,೦೦೦ ಗರ್ಭಿಣಿಯರನ್ನೂ ಒಳಗೊಂಡ ೨೦೧೮ರ ಸಮೀಕ್ಷೆಯೊಂದರಲ್ಲಿ ಇದನ್ನು ಸೇವಿಸಿದವರಲ್ಲಿ ೩೭ ವಾರಗಳ ಒಳಗಿನ ಹೆರಿಗೆಯು ನೂರಕ್ಕೆ ೧೩.೪ರಿಂದ ೧೧.೯ಕ್ಕೂ, ೩೪ ವಾರಗಳ ಒಳಗಿನ ಹೆರಿಗೆಯು ೪.೬ರಿಂದ ೨.೭ಕ್ಕೂ ಇಳಿದಿತ್ತು. ಮೀನನ್ನು ತಿನ್ನುವ ಮನೆಗಳಲ್ಲಿ ಬಸುರಿಗೆ ಅದನ್ನು ನಿಷೇಧಿಸುವ ಪದ್ಧತಿಯನ್ನು ಬಿಡಬೇಕು. ವಾರಕ್ಕೆ ಎರಡು ಸಲ ಚೆನ್ನಾಗಿ ಬೇಯಿಸಿ ಕೊಡಬಹುದು. ಶಾಕಾಹಾರಿಗಳಿಗೆ ಅಗಸೆಬೀಜದ ಚಟ್ನಿಪುಡಿಯುಂಟು. ಅದರಿಂದ ದೊರೆಯುವುದು ಅಷ್ಟು ಬಲವಾದುದಲ್ಲವಾದರೂ ಇಲ್ಲದುದಕ್ಕಿಂತ ಮೇಲು.

ನಮ್ಮ ಸೀಮೆಗೆ ಅತ್ಯಂತ ಸಮೀಪವಾದ ಪರೀಕ್ಷೆಯು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನಡೆಸಿದುದು. ಅದು ಸುಣ್ಣದ ಸತ್ತ್ವವನ್ನು, ಎಂದರೆ ಕ್ಯಾಲ್ಸಿಯಂ ಎಂಬುದನ್ನು ಕುರಿತುದು. ಊಟದಲ್ಲಿ ಈ ಸತ್ತ್ವವು ಕಡಮೆಯಾದಲ್ಲಿ ಗರ್ಭಕಾಲದ ರಕ್ತದೊತ್ತಡದ ರೋಗವು ಹೆಚ್ಚು; ಆ ರೋಗವು ಕೆರಳಿದರೆ ತಾಯಿಯ ಪ್ರಾಣವನ್ನು ಉಳಿಸುವುದಕ್ಕಾಗಿ ಡಾಕ್ಟರು ಅವಧಿಗೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗುತ್ತದೆ. ಚೊಚ್ಚಲ ಬಸುರಿಯರಾದ ೧೧,೦೦೦ ಹೆಂಗಸರಲ್ಲಿ ಅರ್ಧ ಜನರಿಗೆ ದಿನಕ್ಕೆ ೫೦೦ ಮಿಲಿಗ್ರಾಂ, ಉಳಿದರ್ಧಕ್ಕೆ ೧,೫೦೦ ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದರು. ಫಲವು ೨೦೨೪ರಲ್ಲಿ ಪ್ರಕಟವಾಯಿತು. ರಕ್ತದೊತ್ತಡದ ರೋಗವು ಕಡಮೆ ಪ್ರಮಾಣದವರಲ್ಲಿ ನೂರಕ್ಕೆ ೩.೦, ಹೆಚ್ಚು ಪ್ರಮಾಣದವರಲ್ಲಿ ೩.೬; ಅಕಾಲಪ್ರಸವವು ಕ್ರಮವಾಗಿ ೧೧.೪ ಮತ್ತು ೧೨.೮. ಎಂದರೆ, ಕಡಮೆ ಪ್ರಮಾಣವು ಹೆಚ್ಚು ಪ್ರಮಾಣಕ್ಕಿಂತ ಕೀಳಾಗಲಿಲ್ಲ. ಈ ಲೆಕ್ಕದಿಂದ ನಾವು ಮತ್ತೊಂದು ಪಾಠವನ್ನೂ ಕಲಿಯುತ್ತೇವೆ. ಡಾಕ್ಟರ ಕಣ್ಣೆದುರಿನಲ್ಲಿ ಮಾತ್ರೆಯನ್ನು ಪಡೆದ ಹೆಂಗಸರಲ್ಲಿಯೂ ನೂರಕ್ಕೆ ಹನ್ನೊಂದು ಹನ್ನೆರಡು ಕೂಸುಗಳು ಮುಂಚೆಯೇ ಹುಟ್ಟಿದುವು. ಆದುದರಿಂದ ಅಕಾಲದಲ್ಲಿ ಹೆತ್ತವಳನ್ನು ನೋಡಿ, "ನೀನು ಸರಿಯಾಗಿ ತಿನ್ನಲಿಲ್ಲ, ಅದಕ್ಕೇ ಹೀಗಾಯಿತು" ಎಂದು ಹೇಳುವ ಅಧಿಕಾರವು ಯಾರಿಗೂ ಇಲ್ಲ.

ಸುಣ್ಣದ ಸತ್ತ್ವವೆಂದೊಡನೆ ನಮ್ಮ ಸೀಮೆಯವರಿಗೆ ಒಂದು ಹೆಮ್ಮೆಯ ಮಾತನ್ನು ಹೇಳಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟು ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದ ಈ ಸೀಮೆಯು ರಾಗಿಯ ಸೀಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಪಾಲಿಶು ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನಷ್ಟೂ ಕಷ್ಟ. ದಿನಕ್ಕೆ ಎರಡು ಹದವಾದ ಮುದ್ದೆಗಳನ್ನು ಉಂಡರೆ, ಎಂದರೆ ೧೫೦ ಗ್ರಾಂ ಹಿಟ್ಟನ್ನು ಬಳಸಿದರೆ, ೫೦೦ ಮಿಲಿಗ್ರಾಮಿಗೆ ಕಡಮೆಯಿಲ್ಲ. ಅದೆಲ್ಲವೂ ಮೈಗೆ ಹತ್ತುವುದಿಲ್ಲವೆಂಬುದು ನಿಜ. ಧಾನ್ಯದೊಳಗಿನ ಕೆಲವು ವಸ್ತುಗಳು ಅದನ್ನು ಹಿಡಿದಿಡುತ್ತವೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಈ ದೋಷವು ಬಹುಮಟ್ಟಿಗೆ ತಗ್ಗುತ್ತದೆ. ಆದುದರಿಂದ ಮುದ್ದೆಯು ಮಾತ್ರೆಗೆ ಬದಲಲ್ಲ, ಮಾತ್ರೆಯು ಮುದ್ದೆಗೆ ಬದಲಲ್ಲ, ಎರಡೂ ಇರಲಿ. ಆದರೆ ಅನ್ನವು ದೊಡ್ಡಸ್ತಿಕೆಯೆಂದೂ ಮುದ್ದೆಯು ಒರಟೆಂದೂ ಬಗೆದು ಬಸುರಿಗೆ ಬರಿಯ ಬಿಳಿಯನ್ನವನ್ನು ಬಡಿಸುವುದು ಅವಿವೇಕವೆಂದು ನಮ್ಮ ಅಭಿಪ್ರಾಯ.

ಮುದ್ದೆಯ ಜೊತೆಗೆ ಹೋಗುವ ಪದಾರ್ಥಗಳೂ ಅಷ್ಟೇ ಮುಖ್ಯ. ಮಾಗಡಿಯ ಅವರೆ ಹೆಸರಾದುದು. ಅವರೆಕಾಳು, ಹುರುಳಿ, ಅಲಸಂದೆ, ಹೆಸರುಕಾಳು ಇವು ಬಡವನ ಮನೆಯ ಮಾಂಸಖಂಡಗಳು. ದಂಟು, ಹರಿವೆ, ನುಗ್ಗೆಸೊಪ್ಪುಗಳ ಮಸ್ಸೊಪ್ಪು ಬಸ್ಸಾರುಗಳಿಗೆ ಸಮಾನವಾದ ಔಷಧವು ಅಂಗಡಿಯಲ್ಲಿಲ್ಲ. ಹಾಲು, ಮೊಸರು, ತಿನ್ನುವವರಿಗೆ ದಿನಕ್ಕೊಂದು ಕೋಳಿಮೊಟ್ಟೆ. "ಇಬ್ಬರಿಗಾಗಿ ಉಣ್ಣಬೇಕು" ಎಂದು ಎರಡರಷ್ಟು ತುಂಬಿಸುವುದೂ ಸರಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ೨೦೨೦ರಲ್ಲಿ ಹೇಳಿರುವಂತೆ, ಗರ್ಭಿಣಿಗೆ ದಿನಕ್ಕೆ ೩೫೦ ಕ್ಯಾಲೊರಿ ಮಾತ್ರ ಹೆಚ್ಚಾಗಿ ಬೇಕು. ಅದು ಹೆಚ್ಚಿನ ಒಂದು ಮುದ್ದೆಗೂ ಒಂದು ಹಿಡಿ ಹುರಿದ ಕಡಲೆಕಾಯಿಗೂ ಸಮ. ಇಷ್ಟನ್ನು ಕೊಡಲಾರದ ಮನೆಯು ನಮ್ಮ ಸೀಮೆಯಲ್ಲಿ ವಿರಳ. ಕೊಡುವುದನ್ನು ಮರೆತ ಮನೆಗಳು ಅನೇಕ. ಸಕ್ಕರೆಯ ಕಾಯಿಲೆಯುಳ್ಳವರು ಮಾತ್ರ ಡಾಕ್ಟರನ್ನು ಕೇಳಿ ಅವರ ಅಳತೆಯಂತೆ ನಡೆಯತಕ್ಕದ್ದು.

ಇನ್ನು ರಕ್ತದ ವಿಚಾರ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ ೫೨ ಮಂದಿಗೆ ರಕ್ತಹೀನತೆ ಇದ್ದಿತು. ಕರ್ನಾಟಕದಲ್ಲಿ ಸುಮಾರು ೪೬ ಮಂದಿಗೆ. ಬಿಳಿಚಿಕೊಂಡ ಕಣ್ಣುರೆಪ್ಪೆ, ನಾಲ್ಕು ಮೆಟ್ಟಿಲಿಗೆ ಏದುಸಿರು, ಮಣ್ಣನ್ನೋ ಹಸಿಯಕ್ಕಿಯನ್ನೋ ತಿನ್ನುವ ಬಯಕೆ, ಇವು ಅದರ ಗುರುತುಗಳಾಗಿರಬಹುದು. ಬಯಕೆಯೆಂದು ನಕ್ಕು ಸುಮ್ಮನಾಗದೆ ರಕ್ತವನ್ನು ಪರೀಕ್ಷೆ ಮಾಡಿಸಬೇಕು. ರಕ್ತವು ತೀರ ಕಡಮೆಯಾದವರಲ್ಲಿ ಅಕಾಲಪ್ರಸವವು ಹೆಚ್ಚು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ೧೯೨೮ರಲ್ಲಿ ಮುಂಬಯಿಗೆ ಬಂದು, ಅಲ್ಲಿನ ಬಡ ಗಿರಣಿ ಕೆಲಸದ ಗರ್ಭಿಣಿಯರ ರಕ್ತಹೀನತೆಗೆ ಆಹಾರದ ಕೊರತೆಯೇ ಮೂಲವೆಂದು ಶೋಧಿಸಿ, ಯೀಸ್ಟಿನ ಸಾರವನ್ನು ಕೊಟ್ಟು ಗುಣಪಡಿಸಿದಳು. ಆ ಸಾರದಲ್ಲಿದ್ದ ಸತ್ತ್ವವನ್ನು ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಎಲೆಯೆಂಬ ಅರ್ಥದ ಶಬ್ದವೇ ಅದಕ್ಕೆ ಮೂಲ.

ಈಗ ಸರ್ಕಾರದವರು ಕೊಡುವ ಮಾತ್ರೆಯಲ್ಲಿ ೬೦ ಮಿಲಿಗ್ರಾಂ ಕಬ್ಬಿಣವೂ ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಉಂಟು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕಡಮೆಯೆಂದರೆ ೧೮೦ ದಿನ ನುಂಗಬೇಕು. ಮಲವು ಕಪ್ಪಾಯಿತೆಂದೂ ವಾಕರಿಕೆಯೆಂದೂ ಕಿಟಕಿಯಾಚೆ ಎಸೆಯುವುದನ್ನು ಕಂಡಿದ್ದೇವೆ. ಮಲವು ಕಪ್ಪಾಗುವುದು ಸಹಜ, ವಾಕರಿಕೆಯು ರಾತ್ರಿ ಮಲಗುವಾಗ ನುಂಗಿದರೆ ಕಡಮೆ. ಈ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆಯಲ್ಲಿ ನುಂಗಬಾರದು. ಒಂದು ಮತ್ತೊಂದನ್ನು ಮೈಗೆ ಹತ್ತಗೊಡದು. ಕಾಫಿ ಚಹಗಳೂ ಕಬ್ಬಿಣಕ್ಕೆ ಶತ್ರುಗಳು. ಊಟವಾದೊಡನೆ ಒಂದು ಲೋಟ ಕಾಫಿಯೆಂಬ ನಮ್ಮ ಪದ್ಧತಿಯನ್ನು ಗರ್ಭಿಣಿಯು ಬಿಟ್ಟು, ಸಾರಿಗೆ ನಿಂಬೆಯ ರಸವನ್ನು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣವು ಎಷ್ಟೋ ಚೆನ್ನಾಗಿ ಮೈಗೂಡುತ್ತದೆ.

ಏನನ್ನು ಬಿಡಿಸಬೇಕೆಂದು ಮಾಗಡಿಯ ಮಹನೀಯರು ಕೇಳಿರುವರಷ್ಟೆ. ಪಟ್ಟಿಯು ಚಿಕ್ಕದು. ಪರಂಗಿಯ ಕಾಯನ್ನು ಬಿಡಿಸಿ. ಅದರ ಹಾಲಿಗೆ ಗರ್ಭಕೋಶವನ್ನು ಕುಗ್ಗಿಸುವ ಗುಣವುಂಟೆಂದು ಇಲಿಗಳ ಮೇಲಿನ ಪ್ರಯೋಗದಿಂದ ತಿಳಿದಿದೆ. ಚೆನ್ನಾಗಿ ಮಾಗಿದ ಹಣ್ಣಿಗೆ ಅದೇ ಪ್ರಯೋಗದಲ್ಲಿ ಆ ದೋಷವು ಕಾಣಲಿಲ್ಲ. ಮಾವು ಬಾಳೆಗಳನ್ನು ಉಷ್ಣವೆಂದೋ ಶೀತವೆಂದೋ ಹೇಳಿ ಬಿಡಿಸಬೇಕಾದುದಿಲ್ಲ. ವ್ರತೋಪವಾಸಗಳನ್ನು ಬಿಡಿಸಿ, ಧರ್ಮಶಾಸ್ತ್ರವೇ ಗರ್ಭಿಣಿಗೆ ವಿನಾಯಿತಿಯನ್ನು ಕೊಟ್ಟಿದೆ. ರೇಷ್ಮೆಯ ಬಿಚ್ಚಣಿಕೆಯ ಮನೆಗಳಲ್ಲಿ ಕುದಿನೀರಿನ ಆವಿಯಲ್ಲಿ ಹೊತ್ತುಗಟ್ಟಲೆ ನಿಂತು ದುಡಿಯುವ ಕೆಲಸದಿಂದ ಆಕೆಯನ್ನು ಬಿಡಿಸಿ. ಎಲ್ಲಕ್ಕಿಂತ ಮೊದಲು ಹೊಗೆಸೊಪ್ಪನ್ನೂ ಕಡ್ಡಿಪುಡಿಯನ್ನೂ ಬಿಡಿಸಿ. ಮುಂಬಯಿಯಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ವಿಚಾರಣೆಯಲ್ಲಿ, ಹೊಗೆಸೊಪ್ಪನ್ನು ಅಗಿಯುವ ತಾಯಂದಿರ ಕೂಸುಗಳು ಸರಾಸರಿ ೧೦೫ ಗ್ರಾಂ ಕಡಮೆ ತೂಗಿದುವು. ಗರ್ಭದ ಅವಧಿಯೂ ಸರಾಸರಿ ಆರು ದಿನಗಳಷ್ಟು ಕುಗ್ಗಿದ್ದಿತು.

ಹುಳುಮನೆಯುಳ್ಳ ನಮ್ಮ ವಾಚಕರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಹೊಗೆಸೊಪ್ಪಿನ ಗಾಳಿಯೂ ಸೋಕಬಾರದೆಂದು ಅವರು ಹುಳುಮನೆಯ ಹೊಸ್ತಿಲಲ್ಲಿಯೇ ಕೈ ತೊಳೆಯಿಸುವರು. ನಾಲ್ಕನೆಯ ಜ್ವರವೆದ್ದ ಹುಳುವಿಗೆ ಸೊಪ್ಪು ಒಂದು ಹೊತ್ತು ತಪ್ಪಿದರೆ ಗೂಡು ತೆಳುವಾಗುವುದೆಂದೂ, ತೆಳುಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಬೆಲೆ ಬಾರದೆಂದೂ ಅವರಿಗೆ ಚೆನ್ನಾಗಿ ಗೊತ್ತು. ಆದುದರಿಂದ ನಡುರಾತ್ರಿಯಲ್ಲಿ ಎದ್ದು ಲಾಟೀನು ಹಿಡಿದು ಸೊಪ್ಪನ್ನು ಹಾಕುವರು. ತಾವು ಉಣ್ಣದಿದ್ದರೂ ಹುಳುವು ಹಸಿದಿರಬಾರದು. ಹೀಗೆ ಗಡಿಯಾರ ನೋಡಿ ಹುಳುವಿಗೆ ಉಣಿಸುವ ಮನೆಯಲ್ಲಿ, ಅದೇ ಸೊಪ್ಪನ್ನು ಕೊಯ್ದು ತಂದ ಬಸುರಿ ಸೊಸೆಯು ಮಧ್ಯಾಹ್ನ ಮೂರು ಗಂಟೆಗೆ ತಣ್ಣಗಾದ ಅನ್ನವನ್ನು ಉಣ್ಣುವಳೆಂದರೆ, ಆ ಮನೆಗೆ ತಿಳಿವಳಿಕೆಯು ಕಡಮೆಯೆಂದು ಹೇಳಲಾಗದು. ತಿಳಿವಳಿಕೆಯು ಉಂಟು, ಅದು ಹುಳುಮನೆಯಿಂದ ಅಡುಗೆಮನೆಗೆ ಬಂದಿಲ್ಲ.

ಸರ್ಕಾರದವರೂ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಪೌಷ್ಟಿಕ ಆಹಾರವನ್ನು ಕೊಡುವ ಅಂಗನವಾಡಿಯ ಯೋಜನೆಯು ೧೯೭೫ರ ಅಕ್ಟೋಬರ್ ೨ರಂದು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟುದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ೨೦೧೭ರ ಅಕ್ಟೋಬರ್ ೨ರಂದು ಕರ್ನಾಟಕ ಸರ್ಕಾರದವರು 'ಮಾತೃಪೂರ್ಣ' ಎಂಬ ಯೋಜನೆಯನ್ನು ತೊಡಗಿಸಿದರು. ಬಸುರಿ ಬಾಣಂತಿಯರು ಅಂಗನವಾಡಿಗೆ ಬಂದು ಅಲ್ಲಿಯೇ ಬಿಸಿಯೂಟವನ್ನು ಉಣ್ಣಬೇಕೆಂಬುದು ಅದರ ಮೂಲ ಉದ್ದೇಶ. ಏತಕ್ಕೆ ಅಲ್ಲಿಯೇ ಉಣ್ಣಬೇಕು? ಮನೆಗೆ ಕೊಟ್ಟುದು ಮನೆಯವರೆಲ್ಲರಿಗೂ ಹಂಚಿಹೋಗಿ, ಯಾರಿಗಾಗಿ ಕೊಟ್ಟರೋ ಆಕೆಗೆ ಎಲ್ಲರಿಗಿಂತ ಕಡಮೆ ಉಳಿಯುವುದೆಂಬುದನ್ನು ಬಲ್ಲವರು ಮಾಡಿದ ಏರ್ಪಾಡು ಅದು. ನಿಮ್ಮ ಊರಿನ ಅಂಗನವಾಡಿಯಲ್ಲಿ ಈಗ ಏನನ್ನು ಯಾವ ರೀತಿಯಲ್ಲಿ ಕೊಡುವರೆಂಬುದನ್ನು ಹೋಗಿ ವಿಚಾರಿಸಿ, ಹೆಸರನ್ನು ಬರೆಯಿಸಿ. ಮನೆಗೆ ತಂದ ಮೊಟ್ಟೆಯೂ ಕಡಲೆಕಾಯಿಯೂ ಆಕೆಯ ಪಾಲೆಂಬುದನ್ನು ಮರೆಯದಿರಿ.

ಆಹಾರದ ರಕ್ಷಣೆಯು ಬಸುರಾದ ಮೇಲೆ ತೊಡಗಿದರೆ ಸ್ವಲ್ಪ ತಡವೇ ಆಯಿತು. ಮುಂಬಯಿಯ ಬಡ ಮೊಹಲ್ಲಾಗಳಲ್ಲಿ ಸೊಪ್ಪು, ಹಣ್ಣು, ಹಾಲುಗಳಿಂದ ಮಾಡಿದ ತಿಂಡಿಯನ್ನು ಹೆಂಗಸರಿಗೆ ಗರ್ಭಧಾರಣೆಗೆ ಮೊದಲೇ ಕೊಟ್ಟು ನೋಡಿದ ಪರೀಕ್ಷೆಯೊಂದುಂಟು, ೨೦೧೪ರಲ್ಲಿ ಪ್ರಕಟವಾಯಿತು. ಮೂರು ತಿಂಗಳು ಮುಂಚಿನಿಂದಲೇ ತಿಂದವರ ಕೂಸುಗಳ ತೂಕವು ೪೮ ಗ್ರಾಂ ಹೆಚ್ಚಿದ್ದಿತು. ಆದುದರಿಂದ ಮಗಳ ಊಟದಲ್ಲಿ ಮಗನ ಊಟಕ್ಕಿಂತ ಕಡಮೆ ಮಾಡದಿರುವುದು ಮೊಮ್ಮಗುವಿನ ರಕ್ಷಣೆಯ ಮೊದಲನೆಯ ಪಾಠ.

ಇಷ್ಟೆಲ್ಲ ಮಾಡಿದರೂ ಕೆಲವು ವೇಳೆ ಅವಧಿಗೆ ಮುಂಚೆ ನೋವು ಕಾಣಿಸಬಹುದು. ಆಗ ಆಹಾರದ ಮಾತನ್ನು ಬಿಟ್ಟು ಆಸ್ಪತ್ರೆಯ ಮಾತನ್ನು ಆಡಬೇಕು. ಬಿಟ್ಟು ಬಿಟ್ಟು ಕ್ರಮವಾಗಿ ಹೊಟ್ಟೆಯು ಬಿಗಿಯುವುದು, ಸೊಂಟದ ಕೆಳಗೆ ಎಡೆಬಿಡದ ನೋವು, ನೀರು ಒಸರುವುದು, ರಕ್ತ ಕಾಣುವುದು, ಕೂಸಿನ ಅಲುಗಾಟವು ಕಡಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ೧೦೮ಕ್ಕೆ ಫೋನು ಮಾಡಿ. 'ಸುಳ್ಳು ನೋವು' ಎಂದು ನಿರ್ಣಯಿಸುವ ಕೆಲಸವು ಮನೆಯ ಹಿರಿಯರದಲ್ಲ. ವೇಳೆಗೆ ಸರಿಯಾಗಿ ತಲಪಿದರೆ ಕೂಸಿನ ಶ್ವಾಸಕೋಶವನ್ನು ಬಲಪಡಿಸುವ ಸೂಜಿಮದ್ದನ್ನು ತಾಯಿಗೆ ಕೊಡುವರು. ೧೯೭೨ರಲ್ಲಿ ನ್ಯೂಜಿಲೆಂಡಿನ ಇಬ್ಬರು ವೈದ್ಯರು ಅದರ ಗುಣವನ್ನು ತೋರಿಸಿಕೊಟ್ಟ ಮೇಲೆ ಅದೆಷ್ಟೋ ಕೂಸುಗಳು ಉಳಿದಿವೆ. ಹಿಂದೆ ಒಮ್ಮೆ ಅಕಾಲದಲ್ಲಿ ಹೆತ್ತವರಿಗೆ ಮರಳಿ ಹಾಗಾಗುವ ಸಂಭವವು ಉಳಿದವರಿಗಿಂತ ಹೆಚ್ಚಾದುದರಿಂದ, ಮಾಗಡಿಯ ಮಹನೀಯರು ತಮ್ಮ ಸೊಸೆಯನ್ನು ಈ ತಿಂಗಳೇ ಹೆರಿಗೆಯ ತಜ್ಞರಿಗೆ ತೋರಿಸಿ ಹಿಂದಿನ ಸಂಗತಿಯನ್ನು ಬಿಡದೆ ಹೇಳತಕ್ಕದ್ದು.

ಅವರ ಪ್ರಶ್ನೆಗೆ ನಮ್ಮ ಉತ್ತರವು ಇಷ್ಟೆ. ದಿನ ತುಂಬಿಸಿಯೇ ತೀರುವ ಪದಾರ್ಥವು ಯಾವುದೂ ಇಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಬೇಡಿ. ಕೇಡಿನ ಸಂಭವವನ್ನು ತಗ್ಗಿಸುವ ಊಟವು ನಿಮ್ಮ ಹೊಲದಲ್ಲಿಯೂ ಹಿತ್ತಿಲಲ್ಲಿಯೂ ಆಗಲೇ ಇದೆ. ಬದಲಾಗಬೇಕಾದುದು ಬಡಿಸುವ ಕ್ರಮ. ನಾಳೆಯ ಮಧ್ಯಾಹ್ನ ನೀವು ಎಲೆಯ ಮುಂದೆ ಕುಳಿತಾಗ, "ಆಕೆಯದು ಆಯಿತೆ?" ಎಂದು ಕೇಳಿ, ಆಗದಿದ್ದರೆ ಎದ್ದು ಆ ಎಲೆಯನ್ನು ಆಕೆಗೆ ಬಿಟ್ಟುಕೊಡಿ. ಮೊದಲ ದಿನ ಆಕೆ ನಾಚಿಯಾಳು, ನಿಮ್ಮ ಮನೆಯ ಹಿರಿಯರು ಗೊಣಗಿಯಾರು. ಮೂರನೆಯ ದಿನ ಅದೇ ರೂಢಿಯಾಗುವುದು.

ನಮ್ಮ ಸೊಸೆಗೆ ಈಗ ಐದನೆಯ ತಿಂಗಳು. ನಮ್ಮ ಮನೆಯಲ್ಲಿ ಮೊದಲ ಎಲೆಯು ಆಕೆಯದು. ಬಡಿಸುವವಳು ನಮ್ಮ ಸಹಧರ್ಮಿಣಿ. ಆಕೆ ಆ ಶ್ಲೋಕದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಸೊಸೆಯು ಉಂಡೇಳುವವರೆಗೆ ನಾವು ಜಗಲಿಯ ಮೇಲೆ ಕಾದಿರುತ್ತೇವೆ.